ಏಳಕ್ಕ ಹೋಗೋ ವೈಫೈ

ಮನ್ಯಾಗ ವೈಫೈ ಹೋತಂದ್ರ ಮೊದ್ಲು ಬೈಸ್ಕೊಳ್ಳೋದು ಆಡೋ ಹುಡುಗ್ರು. "ಯಾವಾಗ ನೋಡಿದ್ರೂ ಆಟ, ನೆಟ್ ಹೋಗದ ಏನು ಮಾಡ್ತದ" ಅಂತ ಎಲ್ಲಾರೂ ಒಂದೊಂದು ಅಂದ ಬಿಡ್ತಾರ. ನಿಮ್ಮ ಮನ್ಯಾಗೂ ಹಿಂಗನ ಇದ್ದೀತು. ಅದಕ್ಕ ಅಕ್ಕಂದಿರ, ವೈನಿಗೋಳ, ಹೋದ ತಿಂಗಳು ನಾ ಈ ವೈಫೈ ಬೆನ್ನು ಹತ್ತಿ ತಿಳ್ಕೊಂಡದ್ದನ್ನ ಬರೀಲಿಕ್ಕತ್ತೇನಿ. ಯಾರಿಗರ ಉಪಯೋಗ ಆದೀತು.

ನನ್ನ ಮಗಳು ಒಂಬತ್ತನೇತ್ತಾ. ಸಂಜೀಮುಂದ ಅಭ್ಯಾಸ ಮುಗಿಸಿ ಲ್ಯಾಪ್‌ಟಾಪಿನ್ಯಾಗ ಆನ್‌ಲೈನ್ ಚೆಸ್ ಆಡ್ತಾಳ. ಒಬ್ಬೊಬ್ಬರಿಗೆ ಹತ್ತು ನಿಮಿಷದ ಆಟ. ನೆಟ್ ಹೋದ್ರ ಗಡಿಯಾರ ಏನು ನಿಲ್ಲಂಗಿಲ್ಲ, ಓಡ್ತನ ಇರ್ತದ. ಗೆಲ್ಲೋ ಆಟ ಕೈಯಾಗಿದ್ರೂ ಟೈಮ್ ಮುಗದು ಸೋಲೋದು. ಎರಡು ವಾರ ಹಿಂಗನ ನಡೀತು. ಒಂದಿನ "ಅಮ್ಮಾ, ರವಿವಾರದ ಟೂರ್ನಮೆಂಟಿಗೆ ನಾ ಹೆಸರು ಕೊಡಂಗಿಲ್ಲ" ಅಂದ್ಲು. ಸಿಟ್ಟು ಮಾಡಿದ್ರ ನನಗ ಅಷ್ಟು ಅನಸ್ತಿದ್ದಿಲ್ಲ. ಸಣ್ಣ ದನಿಯಾಗ ಅಂದ್ಲಲ್ಲ, ಅದು ಕರುಳಿಗೆ ಹತ್ತಿತು.

ಮನಿಯವ್ರು "ಅಭ್ಯಾಸಕ್ಕ ಚಲೋನ ಆತು" ಅಂದ್ರು. ಮೈದುನ ಹೊಸ ಲ್ಯಾಪ್‌ಟಾಪ್ ತೊಗೊಳ್ರಿ ಅಂದ. ನಾ ಮಗಳಿಗೆ 2020ರ ಕಥಿ ಹೇಳಿದೆ. ಆ ವರ್ಷ ಆಗಸ್ಟ್ 30ಕ್ಕ ಆನ್‌ಲೈನ್ ಚೆಸ್ ಒಲಿಂಪಿಯಾಡಿನ ಫೈನಲ್, ಭಾರತಕ್ಕೂ ರಷ್ಯಾಕ್ಕೂ. ನಡೂವ ನೆಟ್ ಕಡದು ನಮ್ಮ ನಿಹಾಲ್ ಸರೀನ್, ದಿವ್ಯಾ ದೇಶಮುಖ್ ಇಬ್ಬರೂ ಟೈಮ್ ಮೀರಿ ಸೋತ್ರು. ಭಾರತ ಅಪೀಲು ಮಾಡ್ತು, ಕಡೀಕ ಎರಡೂ ದೇಶಕ್ಕ ಬಂಗಾರ ಕೊಟ್ರು. ಅದ ದಿವ್ಯಾ 2025ರಾಗ ಮಹಿಳೆಯರ ವಿಶ್ವಕಪ್ ಗೆದ್ಲು. "ನೆಟ್ ಹೋತಂತ ಅಕಿ ಆಟ ಬಿಟ್ಟಳೇನು?" ಅಂದೆ. ಹುಡುಗಿ ಮಾತಾಡ್ಲಿಲ್ಲ, ಆದ್ರ ಹೆಸರು ಕೊಟ್ಲು.

ಇನ್ನ ವೈಫೈ ವಿಚಾರ. "ಮೊಬೈಲಿನ್ಯಾಗ ಧಾರಾವಾಹಿ ನಿಲ್ಲಂಗಿಲ್ಲ, ಆಟ ಯಾಕ ನಿಲ್ತದ?" ಅಂತ ಅತ್ತಿಯವ್ರು ಕೇಳಿದ್ರು. ನಮ್ಮೂರಿನ ನಳದ ಲೆಕ್ಕ ಹಿಡೀರಿ. ಧಾರಾವಾಹಿ ಮೊದ್ಲ ಟಾಕಿ ತುಂಬಿಟ್ಕೊಂಡಿರ್ತದ, ಹತ್ತು ಸೆಕೆಂಡು ನಳ ಹೋದ್ರೂ ಗೊತ್ತಾಗಂಗಿಲ್ಲ. ಆಟಕ್ಕ ಟಾಕಿ ಇಲ್ಲ, ನಳಕ್ಕ ಬೊಗಸಿ ಹಿಡಿದು ಕುಡದಂಗ. ಅದಕ್ಕ ನೀರು ಭಾಳ ಬ್ಯಾಡ, ಆದ್ರ ಕಡೀಬಾರ್ದು.

ಕಿರಾಣಿ ಲೆಕ್ಕದ ಬುಕ್ಕಿನ ಹಿಂದಿನ ಹಾಳಿಯೊಳಗ ನೆಟ್ ಹೋದಾಗೊಮ್ಮೆ ಟೈಮ್ ಬರದಿಟ್ಟೆ. ಆಗ ಮನ್ಯಾಗ ಏನೇನು ಚಾಲೂ ಇತ್ತು ಅನ್ನೋದನ್ನೂ ಬರದೆ. ಒಂದು ವಾರಕ್ಕ ನೋಡ್ತೇನಿ, ಹೆಚ್ಚೂಕಡಿಮಿ ಎಲ್ಲಾ ಏಳರಿಂದ ಏಳೂವರಿ ಒಳಗ!

ಲೈನಿಂದ ಹೋಗ್ತದೋ ಮನಿಯೊಳಗ ಹೋಗ್ತದೋ ಅಂತ ತಿಳೀಲಿಕ್ಕೆ ಒಂದು ಉಪಾಯ ಅದ. ಲ್ಯಾಪ್‌ಟಾಪಿನ್ಯಾಗ ಕಮಾಂಡ್ ಪ್ರಾಂಪ್ಟ್ ಅಂತ ಕರೀ ಪರದೆ ಇರ್ತದ. ಅದರಾಗ ಪಿಂಗ್ ಅಂತ ಟೈಪ್ ಮಾಡಿ, ಜಾಗಾ ಬಿಟ್ಟು ವೈಫೈ ಡಬ್ಬಿಯ ನಂಬರು ಹಾಕ್ರಿ. ನಮ್ಮದು 192.168.1.1, ನಿಮ್ಮದು ಡಬ್ಬಿಯ ತಳಕ್ಕ ಬರದಿದ್ದೀತು. ಡಬ್ಬಿನ ಉತ್ತರ ಕೊಡೋದು ನಿಲ್ಲಸಿದ್ರ ತೊಂದ್ರಿ ಮನಿಯೊಳಗ. ಡಬ್ಬಿ ಉತ್ತರ ಕೊಟ್ಟೂ ನೆಟ್ ಇಲ್ಲಂದ್ರ ಲೈನಿನವ್ರಿಗೆ ಫೋನ್ ಮಾಡ್ರಿ. ನಮ್ಮ ಡಬ್ಬಿನ ಸುಮ್ಮ ಆಗ್ತಿತ್ತು.

ಏಳಕ್ಕ ನಮ್ಮನ್ಯಾಗ ಏನು ನಡೀತದ? ಅತ್ತಿಯವ್ರ ಊಟ. ಅನ್ನ, ಸಾರು, ಹಾಲು ಒಂದಾದ ಮ್ಯಾಲೊಂದು ಮೈಕ್ರೋವೇವಿನ್ಯಾಗ ಬಿಸಿ ಮಾಡ್ತೇನಿ. ಮೈಕ್ರೋವೇವೂ ಹಳೇ ವೈಫೈನೂ ಎರಡೂ 2.4 ಗಿಗಾಹರ್ಟ್ಸ್ ಸುತ್ತಮುತ್ತನ ಕೆಲಸ ಮಾಡ್ತಾವ. ಅದರಿಂದ ಝರಾ ಹೊರಗ ಸೋರಿದ್ರೂ ವೈಫೈಗೆ ಅದು ಗದ್ದಲ. ಮಧ್ಯಾಹ್ನ ಒಂದು ವಾಟಿ ನೀರಿಟ್ಟು ಎರಡು ನಿಮಿಷ ಚಾಲೂ ಮಾಡಿ ನೋಡಿದೆ. ಪಿಂಗ್ ಅಲ್ಲೇ ನಿಂತು ಬಿಡ್ತು. ಡಬ್ಬಿ ಕೂಡಸಲಿಕ್ಕೆ ಬಂದ ಹುಡುಗ ವಾಯರ್ ಸಾಲದಂತ ಅದನ್ನ ಅಡಗಿಮನಿ ಗ್ವಾಡಿಗೇ, ಫ್ರಿಜ್ಜಿನ ಹಿಂದ ಬಡದು ಹೋಗಿದ್ದ.

ಇದನ್ನ ಎಲ್ಲಾರ ಮುಂದ ಹೇಳಿದ್ರ ಅತ್ತಿಯವ್ರು "ನನ್ನ ಬಿಸಿ ಹಾಲಿನ ಸಲುವಾಗಿ ಕೂಸು ಸೋತಿತು" ಅಂತ ನೊಂದ್ಕೋತಾರ, ನಾಳಿಂದ ತಣ್ಣಗಿಂದನ ಉಣ್ತಾರ. ಅವ್ರ ಸ್ವಭಾವ ನನಗ ಗೊತ್ತು. ಹಂಗಾಗಿ ಮೈಕ್ರೋವೇವಿನ ಹೆಸರ ಎತ್ತದ ಡಬ್ಬಿಗೆ ಕೈ ಹಾಕಿದೆ.

ಮೊದ್ಲು ಡಬ್ಬಿನ ಪಡಸಾಲಿಗೆ ತಂದು ಎತ್ತರಕ್ಕ ಇಡಿಸಿದೆ. ನಮ್ಮ ಡಬ್ಬಿ ಎರಡು ಹೆಸರು ತೋರಸ್ತದ, ಒಂದು 2.4, ಇನ್ನೊಂದು 5 ಗಿಗಾಹರ್ಟ್ಸಿಂದು. ಲ್ಯಾಪ್‌ಟಾಪನ್ನ 5ರದಕ್ಕ ಹಚ್ಚಿ, ಹಳೇದನ್ನ ಮರೀಲಿಕ್ಕೆ ಹೇಳಿದ್ವಿ. 5ರದಕ್ಕ ಮೈಕ್ರೋವೇವಿನ ಕಾಟ ಇಲ್ಲ, ಆದ್ರ ದಪ್ಪ ಗ್ವಾಡಿ ದಾಟೋ ಶಕ್ತಿ ಕಡಿಮಿ. ಹಿಂಗಾಗಿ ಮಗಳ ಟೇಬಲ್ಲೂ ಪಡಸಾಲಿಗೆ ಬಂತು. ಡಿವೈಸ್ ಮ್ಯಾನೇಜರಿನ್ಯಾಗ ವೈಫೈ ಅಡಾಪ್ಟರಿಗೆ "ಕರೆಂಟ್ ಉಳಸಲಿಕ್ಕೆ ಇದನ್ನ ಬಂದ್ ಮಾಡಬಹುದು" ಅನ್ನೋ ಅರ್ಥದ ಒಂದು ಟಿಕ್ ಇರ್ತದ, ಅದನ್ನೂ ತಗಸಿದ್ವಿ. ಟೂರ್ನಮೆಂಟಿನ ದಿನ ಮಾತ್ರ ಹತ್ತು ಮೀಟರಿನ ಲ್ಯಾನ್ ಕೇಬಲ್ಲು. ವಾಯರ್ ಇದ್ದಲ್ಲೆ ಗಾಳಿಯ ಭರೋಸಾನ ಬ್ಯಾಡ ನೋಡ್ರಿ.

ರವಿವಾರ ಏಳು ಆಟದಾಗ ಮೂರು ಸೋತ್ಲು. ನೆಟ್ ಒಮ್ಮೆನೂ ಹೋಗ್ಲಿಲ್ಲ. "ಅಮ್ಮಾ, ಮೂರೂ ನಾನ ಸೋತದ್ದು" ಅಂತ ಹೇಳಿ ಇನ್ನೊಂದು ಚಪಾತಿ ಹಾಕಿಸ್ಕೊಂಡ್ಲು. ಬಾಜೂಕ ಅತ್ತಿಯವ್ರು ಬಿಸಿ ಹಾಲು ಕುಡೀಲಿಕ್ಕತ್ತಿದ್ರು.

ನಿಮ್ಮ ಮನ್ಯಾಗೂ ಹಿಂಗ ಆಗ್ತಿದ್ರ ಹೊಸಾದೇನೂ ತೊಗೊಳ್ಳೋದ್ಕಿಂತ ಮೊದ್ಲು ಒಂದು ವಾರ ಟೈಮ್ ಬರದಿಡ್ರಿ. ಹುಡುಗ್ರಿಗೆ ಬೈಯೋದು ಆಮ್ಯಾಲೆ ಇದ್ದ ಅದ.