ಅನುಮಾನದ ಎರಡು ಅರ್ಥ

ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡ ಹೇತುವಿನಿಂದ ಕಾಣದ ಸಂಗತಿಯನ್ನು ನಿಶ್ಚಯಿಸುವ ಪ್ರಮಾಣ. ಒಂದೇ ಶಬ್ದದ ಈ ಎರಡು ಅರ್ಥಗಳ ನಡುವೆ ಎಷ್ಟು ಅಂತರವಿದೆಯೆಂಬುದು ಕೊಳ್ಳೇಗಾಲದ ಒಂದು ವ್ಯಾಪಾರಿ ಕುಟುಂಬಕ್ಕೆ ಮನವರಿಕೆಯಾದುದು, ಆ ಮನೆಯ ಮಗಳು ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ ದಿನಗಳಲ್ಲಿ.

ಆಕೆ ಆಗ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ 2008ರಿಂದ ನಡೆದುಬಂದಿರುವ ‘ಕ್ಲಾಟ್’ ಪರೀಕ್ಷೆಯನ್ನು ಬರೆಯಬೇಕೆಂಬುದು ಅವಳ ಹಂಬಲ. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕದ ಕಡಿತ. ಇವುಗಳಲ್ಲಿ 22ರಿಂದ 26 ಪ್ರಶ್ನೆಗಳು ತಾರ್ಕಿಕ ವಿವೇಚನೆಗೆ ಸೇರಿದವು. ಇಲ್ಲಿ ಬಾಯಿಪಾಠ ನೆರವಾಗದು. ಒಂದು ಗದ್ಯಭಾಗವನ್ನು ಕೊಟ್ಟು, ಅದರ ವಾದವು ಯಾವ ನಂಬಿಕೆಯ ಮೇಲೆ ನಿಂತಿದೆ, ಯಾವ ಸಂಗತಿ ಅದನ್ನು ದುರ್ಬಲಗೊಳಿಸುತ್ತದೆ, ಅದರಿಂದ ಯಾವ ತೀರ್ಮಾನ ನಿಜವಾಗಿ ಹೊರಡುತ್ತದೆ ಎಂದು ಕೇಳುತ್ತಾರೆ.

ಅಭ್ಯಾಸದ ಒಂದು ಪ್ರಶ್ನೆ ಹೀಗಿತ್ತು: ‘ಈ ವರ್ಷ ಮಳೆ ಕಡಿಮೆಯಾಯಿತು; ರಾಗಿಯ ಇಳುವರಿಯೂ ಕುಸಿಯಿತು. ಆದುದರಿಂದ ಇಳುವರಿ ಕುಸಿಯಲು ಮಳೆಯ ಕೊರತೆಯೇ ಕಾರಣ.’ ಈ ವಾದ ಯಾವುದನ್ನು ಹೇಳದೆಯೇ ನಂಬಿಕೊಂಡಿದೆ? ಹನೂರಿನ ಕಡೆಯ, ಮಳೆಯನ್ನೇ ನೆಚ್ಚಿದ ಹೊಲಗಳನ್ನು ಕಂಡಿದ್ದ ಆಕೆ ‘ಮಳೆಯಿಲ್ಲದೆ ರಾಗಿ ಬೆಳೆಯುವುದೇ ಇಲ್ಲ’ ಎಂಬುದನ್ನು ಆರಿಸಿದಳು. ಉತ್ತರ ತಪ್ಪಾಯಿತು. ‘ಇಳುವರಿಯನ್ನು ಕುಗ್ಗಿಸುವ ಬೇರೊಂದು ಕಾರಣ ಈ ವರ್ಷ ಒದಗಿರಲಿಲ್ಲ’ ಎಂಬುದು ಸರಿಯುತ್ತರ. ಅದನ್ನು ನಿರಾಕರಿಸಿ ನೋಡಿದರೆ ತಿಳಿಯುತ್ತದೆ: ಬೆಳೆಗೆ ರೋಗ ತಗಲಿದ್ದಿತೆಂದರೆ ‘ಮಳೆಯೇ ಕಾರಣ’ ಎಂಬ ಮಾತು ಸಡಿಲವಾಗುತ್ತದೆ. ಆಕೆಯ ಉತ್ತರವನ್ನು ನಿರಾಕರಿಸಿದರೆ, ಎಂದರೆ ಮಳೆಯಿಲ್ಲದೆ ನೀರು ಹಾಯಿಸಿಯೂ ರಾಗಿ ಬೆಳೆಯಬಹುದೆಂದರೆ, ವಾದಕ್ಕೆ ಯಾವ ಬಾಧೆಯೂ ಇಲ್ಲ. ಆಕೆ ಎಡವಿದುದು ಬುದ್ಧಿಯ ಕೊರತೆಯಿಂದಲ್ಲ. ತನಗೆ ಮೊದಲೇ ಗೊತ್ತಿದ್ದುದನ್ನು ಎದುರಿಗಿದ್ದ ವಾಕ್ಯದೊಳಕ್ಕೆ ತುಂಬಿದುದರಿಂದ.

ನಿತ್ಯ ಸ್ವಾಧ್ಯಾಯ ಮಾಡುವ ಅವಳ ತಾತನಿಗೆ ಈ ವಿಧಾನ ಹೊಸದೆನಿಸಲಿಲ್ಲ. ಹೇತುವಿಗೆ ಮೂರು ಲಕ್ಷಣಗಳಿರಬೇಕೆಂದು ಬೌದ್ಧ ತಾರ್ಕಿಕರು ಹೇಳಿದಾಗ, ಪಾತ್ರಸ್ವಾಮಿಗಳು ಅದನ್ನೊಪ್ಪದೆ ‘ಅನ್ಯಥಾನುಪಪತ್ತಿ’ ಎಂಬ ಒಂದೇ ಲಕ್ಷಣ ಸಾಕೆಂದು ಸ್ಥಾಪಿಸಿದರು. ಸಾಧ್ಯವಿಲ್ಲದ ಪಕ್ಷದಲ್ಲಿ ಹೇತುವೂ ಇರಲಾರದು ಎಂಬುದೇ ಅದರ ಅರ್ಥ. ಬೆಂಕಿಯಿಲ್ಲದೆ ಹೊಗೆಯಿಲ್ಲ, ಆದುದರಿಂದ ಹೊಗೆ ಬೆಂಕಿಗೆ ಹೇತು. ಆದರೆ ಒಬ್ಬ ತಾಯಿಯ ಮಕ್ಕಳೆಲ್ಲ ಕಪ್ಪಾಗಿದ್ದಾರೆಂದ ಮಾತ್ರಕ್ಕೆ ಅವಳ ಗರ್ಭದಲ್ಲಿರುವ ಮಗುವೂ ಕಪ್ಪೆಂದು ನಿಶ್ಚಯಿಸಲಾಗದು. ಅಕಲಂಕದೇವರು ಈ ವಿಚಾರವನ್ನು ಬೆಳೆಸಿದರು. ಮಾಣಿಕ್ಯನಂದಿಗಳು ‘ಪರೀಕ್ಷಾಮುಖ’ದಲ್ಲಿ ಅದನ್ನು ಸೂತ್ರಬದ್ಧಗೊಳಿಸಿದರು. ತಾತ ಇದನ್ನೆಲ್ಲ ಮೊಮ್ಮಗಳಿಗೆ ಸಂತೋಷದಿಂದ ವಿವರಿಸಿದ್ದರು.

ಅದೇ ವಾರ ಅವರ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ಸಾವಿರ ರೂಪಾಯಿ ಕಡಿಮೆ ಬಿತ್ತು. ಕೆಲಸಕ್ಕಿದ್ದ ಹನೂರಿನ ಹುಡುಗ ಅಂದು ಎಂದಿಗಿಂತ ಮೊದಲೇ ಬಸ್ಸು ಹತ್ತಿದ್ದನು. ‘ಬೇರೆ ಯಾರು ತೆಗೆದಾರು? ಅವನೇ’ ಎಂದು ತಾತ ತೀರ್ಮಾನಿಸಿದರು. ‘ನಾಳೆಯಿಂದ ಬರಬೇಡ’ ಎಂದು ದೂರವಾಣಿಯಲ್ಲಿ ತಿಳಿಸಿ, ಕಾರಣವನ್ನೂ ಹೇಳಿಬಿಟ್ಟರು.

ರಾತ್ರಿ ಪುಸ್ತಕದ ಮುಂದೆ ಕುಳಿತಿದ್ದ ಮೊಮ್ಮಗಳು ಮೆಲ್ಲನೆ ಕೇಳಿದಳು: “ತಾತ, ಅವನು ತೆಗೆಯದೆಯೂ ಹಣ ಕಡಿಮೆಯಾಗಿರಬಹುದಲ್ಲವೇ? ಬೇಗ ಹೊರಟುದಕ್ಕೆ ಬೇರೆ ಕಾರಣ ಇರಬಾರದೇ?”

ತಾತ ಮಾತನಾಡಲಿಲ್ಲ. ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಲೆಕ್ಕವನ್ನು ಮತ್ತೆ ನೋಡಿದರು. ಯಳಂದೂರಿನ ಮದುವೆ ಮನೆಯೊಂದಕ್ಕೆ ಪಾತ್ರೆಗಳನ್ನು ಕಳುಹಿಸಿದ್ದ ಗಾಡಿಯ ಬಾಡಿಗೆಯನ್ನೂ ಹಳೆಯ ಬಾಕಿಯನ್ನೂ ಮಗನೇ ಗಲ್ಲಾದಿಂದ ತೆಗೆದು ಕೊಟ್ಟಿದ್ದನು, ಬರೆದಿಡಲು ಮರೆತಿದ್ದನು. ಮೊತ್ತ ಸರಿಯಾಗಿ ನಾಲ್ಕು ಸಾವಿರ.

ಇಲ್ಲಿ ಗಮನಿಸಬೇಕಾದುದೊಂದುಂಟು. ಲೆಕ್ಕ ಸಿಕ್ಕದೇ ಹೋಗಿದ್ದರೂ ತಾತನ ತೀರ್ಮಾನ ತಪ್ಪೇ ಆಗಿರುತ್ತಿತ್ತು. ‘ಕೊಟ್ಟ ಸಂಗತಿಗಳಿಂದ ನಿಶ್ಚಯವಾಗಿ ಹೇಳಲಾಗದು’ ಎಂಬುದೂ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಉತ್ತರವೇ. ವಿದ್ಯಾರ್ಥಿಗಳು ಅದನ್ನು ಆರಿಸಲು ಹಿಂಜರಿಯುತ್ತಾರೆ. ಏನನ್ನೂ ಹೇಳದಂತಾಯಿತಲ್ಲ ಎಂಬ ಅಳುಕು ಅವರಿಗೆ. ಗೃಹಸ್ಥರ ಅಳುಕೂ ಅದೇ. ನಷ್ಟವಾದಾಗ ಯಾರದಾದರೊಂದು ಹೆಸರು ಸಿಕ್ಕಿದರೆ ಮನಸ್ಸಿಗೆ ಸಮಾಧಾನ. ಆ ಸಮಾಧಾನಕ್ಕಾಗಿ ಇನ್ನೊಬ್ಬನ ಮಾನವನ್ನು ತೆರುತ್ತೇವೆ. ಹದಿನೆಂಟು ಪಾಪಸ್ಥಾನಗಳಲ್ಲಿ ‘ಅಭ್ಯಾಖ್ಯಾನ’, ಎಂದರೆ ಇಲ್ಲದ ದೋಷವನ್ನು ಹೊರಿಸುವುದು, ಪ್ರತ್ಯೇಕವಾಗಿ ಎಣಿಸಲ್ಪಟ್ಟಿರುವುದು ಸುಮ್ಮನೆ ಅಲ್ಲ. ಕಳ್ಳತನವನ್ನು ದ್ವೇಷಿಸುವ ಸಜ್ಜನನೇ ಈ ಪಾಪಕ್ಕೆ ಸುಲಭವಾಗಿ ಒಳಗಾಗುತ್ತಾನೆ.

ತಾತ ಅಂದೇ ಹನೂರಿಗೆ ಹೋದರು. ಹುಡುಗನ ತಾಯಿಗೆ ಜ್ವರವಿತ್ತು. ಅವನು ಬೇಗ ಹೊರಟುದು ಅದಕ್ಕೇ. ಅವರ ಮನೆಯ ಜಗಲಿಯ ಮೇಲೆ, ನೆರೆಹೊರೆಯವರು ಕೇಳುವಂತೆಯೇ ತಾತ ಕೈಮುಗಿದು ಕ್ಷಮೆ ಬೇಡಿದರು. “ಹೋಗಲಿ ಬಿಡಿ ಯಜಮಾನ್ರೇ” ಎಂದನು ಹುಡುಗ. ಮರಳಿ ಬರುವಂತೆ ಕರೆದಾಗ ಮಾತ್ರ ತಲೆ ತಗ್ಗಿಸಿ ಸುಮ್ಮನಾದನು. ಅವನು ಮತ್ತೆ ಆ ಅಂಗಡಿಗೆ ಬರಲಿಲ್ಲ.

ಮೊಮ್ಮಗಳು ಪರೀಕ್ಷೆ ಬರೆದಳು. ಕೆಲವು ಉತ್ತರಗಳು ತಪ್ಪಿದವು. ಒಂದೊಂದಕ್ಕೂ ಕಾಲು ಅಂಕ ಹೋಯಿತು. ತಾತ ತಮ್ಮ ತಪ್ಪಿಗೆ ತೆತ್ತುದು ಎಷ್ಟೆಂದು ಲೆಕ್ಕ ಹಾಕುವ ಬಗೆ ಯಾವ ಪರೀಕ್ಷೆಯಲ್ಲಿಯೂ ಇಲ್ಲ. ಈಗ ಅಂಗಡಿಯಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಅವರು ಮೊದಲು ಪುಸ್ತಕವನ್ನು ತೆರೆಯುತ್ತಾರೆ. ಅದು ಮುಗಿಯುವವರೆಗೆ ಯಾರ ಹೆಸರನ್ನೂ ಎತ್ತುವುದಿಲ್ಲ.