ಎರಡು ಹೊಳೆ, ಏಳು ತಂತಿ

ಮಕ್ಕಳೇ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ ಕಪಿಲೆಯ ಸ್ನಾನಘಟ್ಟಕ್ಕೆ ಇಳಿದಾಗ, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಅಜ್ಜಿಯನ್ನು ಕೇಳಿ. ಸುತ್ತೂರನ್ನು ದಾಟಿ ಹರಿಯುವ ಈ ಹೊಳೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆಂಬುದು ಹಿರಿಯರ ನಂಬಿಕೆ. ಅದಕ್ಕೇ ಅದು ತ್ರಿವೇಣಿ ಸಂಗಮ. ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆಯುತ್ತದೆ.

ಟಿ. ನರಸೀಪುರದ ‘ಟಿ’ ಎಂದರೆ ತಿರುಮಕೂಡಲು. ಟಿ. ಚೌಡಯ್ಯ ಎಂಬ ಹೆಸರಿನಲ್ಲಿರುವ ‘ಟಿ’ ಕೂಡ ಅದೇ! ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಇದೇ ತಿರುಮಕೂಡಲಿನಲ್ಲಿ. ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಅವರ ಗುರುಗಳು.

ಪಿಟೀಲು ನಮ್ಮ ನಾಡಿನ ವಾದ್ಯವಲ್ಲ, ಯುರೋಪಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಅಲ್ಲಿನವರು ನಿಂತು, ಭುಜಕ್ಕೆ ಆನಿಸಿ ನುಡಿಸಿದರೆ ನಮ್ಮವರು ನೆಲದ ಮೇಲೆ ಕೂತು, ಅದರ ತುದಿಯನ್ನು ಪಾದದ ಮೇಲಿಟ್ಟು ನುಡಿಸಿದರು.

ಚೌಡಯ್ಯನವರ ಕಾಲಕ್ಕೆ ಇನ್ನೊಂದು ತೊಡಕು ಬಂತು. ಆಗ ಕಛೇರಿಗಳಲ್ಲಿ ಮೈಕು ಇರುತ್ತಿರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿನಲ್ಲಿ ಕೂತವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರೂ ದೂರದಿಂದ ಆಸೆಪಟ್ಟು ಬಂದವರೇ ಅಲ್ಲವೇ? ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿದರು. ಅದರ ತುಂಬು ನಾದ ಸಭೆಯ ಕೊನೆಗೂ ಮುಟ್ಟಿತು.

ಹೀಗೆ ಹೊರಗಿನ ವಾದ್ಯವನ್ನು ತಮ್ಮದಾಗಿಸಿಕೊಂಡವರು ಬೇರೆ ಕಡೆಯೂ ಇದ್ದರು. ಅಮೆರಿಕದ ಮಿಸೌರಿ ರಾಜ್ಯದಲ್ಲೂ ಮಿಸೌರಿ, ಮಿಸಿಸಿಪ್ಪಿ ಎಂಬ ಎರಡು ದೊಡ್ಡ ನದಿಗಳು ಕೂಡುತ್ತವೆ. ಆ ರಾಜ್ಯದಲ್ಲಿ 1864ರಲ್ಲಿ ಜಾನ್ ವಿಲಿಯಂ ಬೂನ್ ಹುಟ್ಟಿದರು. ಅವರದು ಕಪ್ಪು ಜನಾಂಗದ ಬಡ ಮನೆ. ಆರು ತಿಂಗಳ ಕೂಸಾಗಿದ್ದಾಗಲೇ ಕಾಯಿಲೆಯಿಂದ ಎರಡೂ ಕಣ್ಣು ಹೋದವು. ಕಿವಿಯಿಂದ ಕೇಳಿಯೇ ಪಿಯಾನೋ ನುಡಿಸುತ್ತಿದ್ದ ಬೂನ್, ಯುರೋಪಿನ ಶಾಸ್ತ್ರೀಯ ಸಂಗೀತದ ಜೊತೆಗೇ ಹೊಲಗಳಲ್ಲಿ ದುಡಿದ ತನ್ನವರ ಹಾಡುಗಳನ್ನೂ ಕಛೇರಿಗೆ ತಂದರು. ‘ರ‍್ಯಾಗ್‌ಟೈಮ್’ ಎಂಬ ಕುಣಿಸುವ ಸಂಗೀತ ಬೇರುಬಿಟ್ಟದ್ದು ಇಂಥ ಕೂಡಿಕೆಯಲ್ಲಿ. ಅದರ ಗುಟ್ಟು ಬೇಕೇ? ಎಡಗೈಯಲ್ಲಿ ತೊಡೆಯ ಮೇಲೆ ಸಮವಾಗಿ ತಾಳ ತಟ್ಟಿ. ಎರಡು ತಟ್ಟಿನ ನಡುವೆ ಬಲಗೈಯಲ್ಲಿ ಚಿಟಿಕೆ ಹಾಕಿ. ಪಿಯಾನೋದ ಮೇಲೆ ಎರಡು ಕೈಗಳೂ ಆಡುವ ಆಟ ಅದೇ!

ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಬಂತು. ಬೆಂಗಳೂರಿನಲ್ಲಿ ಅವರ ಹೆಸರಿನ ಭವನವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಹುಟ್ಟೂರನ್ನೂ ಅವರು ಮರೆಯಲಿಲ್ಲ. ತಾವು ರಚಿಸಿದ ಕೃತಿಗಳಿಗೆ ‘ತ್ರಿಮಕುಟ’ ಎಂಬ ಅಂಕಿತ ಇಟ್ಟರು.

ಈ ರಜೆಯಲ್ಲಿ ಅಜ್ಜ-ಅಜ್ಜಿಯ ಜೊತೆ ಟಿ. ನರಸೀಪುರಕ್ಕೆ ಹೋಗಿ. ಗುಂಜಾ ನರಸಿಂಹನನ್ನೂ ಅಗಸ್ತ್ಯೇಶ್ವರನನ್ನೂ ನೋಡಿದ ಮೇಲೆ ಸಂಗಮದ ನೀರನ್ನು ಬೊಗಸೆಯಲ್ಲಿ ಹಿಡಿಯಿರಿ. ಅದರಲ್ಲಿ ಕಪಿಲೆ ಎಷ್ಟು, ಕಾವೇರಿ ಎಷ್ಟು ಎಂದು ಅಜ್ಜನನ್ನೇ ಕೇಳಿ ನೋಡಿ!