ಘಟ್ಟ ಇಳಿದು ಕುದಿ ಕಂಬಳಕ್ಕೆ

ಕರಾವಳಿಯ ಕಂಬಳ ನವೆಂಬರ್‌ನಿಂದ ಮಾರ್ಚ್–ಏಪ್ರಿಲ್‌ವರೆಗೆ ನಡೆಯುವ ಆಟ. ಋತು ಆರಂಭವಾಗುವ ಕೆಲವು ವಾರ ಮೊದಲು ಕೋಣಗಳಿಗೂ ಅವನ್ನು ಓಡಿಸುವವರಿಗೂ ಕೆಸರಿನ ಕರೆಯಲ್ಲಿ, ಎಂದರೆ ಓಟದ ಗದ್ದೆಯಲ್ಲಿ, ತಾಲೀಮು ನಡೆಯುತ್ತದೆ. ಇದೇ ಕುದಿ ಕಂಬಳ. ಹೀಗೆಯೇ ಅಮೆರಿಕದ ಬೇಸ್‌ಬಾಲ್ ತಂಡಗಳು ಪ್ರತಿವರ್ಷ ಪಂದ್ಯಾವಳಿಗೆ ಮುನ್ನ ಫ್ಲಾರಿಡಾ, ಅರಿಜೋನಾಗಳ ಬಿಸಿಲಿಗೆ ಬಂದು ಮೈ ಸಡಿಲಿಸುತ್ತವೆ. ಅಭಿಮಾನಿಗಳು ರಜೆ ಹಾಕಿ ಅದನ್ನೂ ನೋಡಲು ಹೋಗುತ್ತಾರೆ. ಮುಂಡಗೋಡ ತಾಲ್ಲೂಕಿನ ಮಳಗಿಯವರು ಅಂಥದೊಂದು ಪ್ರಯಾಣ ಹೊರಡುವುದಾದರೆ ದಾರಿ ಮಂಗಳೂರಿನ ಕಡೆಗೆ.

ಜಾನುವಾರುಗಳ ಓಟ ಮಳಗಿಯ ಸೀಮೆಗೆ ಹೊಸದಲ್ಲ. ಪಕ್ಕದ ಹಾನಗಲ್, ಹಾವೇರಿಯ ಕಡೆ ದೀಪಾವಳಿಯಿಂದಲೇ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಧೈರ್ಯವಿದ್ದವರು ಕೊಬ್ಬರಿ ಹರಿಯುತ್ತಾರೆ. ಅಲ್ಲಿ ಮನುಷ್ಯ ಹೋರಿಗೆ ಎದುರಾಳಿ. ಕಂಬಳದಲ್ಲಿ ಅವನು ಕೋಣಗಳ ಜೊತೆಗಾರ.

ಹೊರಡುವ ಕಾಲವನ್ನು ಗದ್ದೆಯೇ ಗೊತ್ತುಮಾಡುತ್ತದೆ. ದೀಪಾವಳಿ ಕಳೆದರೆ ಕೊಯ್ಲು, ಒಕ್ಕಣೆ. ಮನೆಯಿಂದ ಯಾರೂ ಕದಲುವಂತಿಲ್ಲ. ದಸರೆಗೂ ದೀಪಾವಳಿಗೂ ನಡುವೆ ಸಿಗುವ ಬಿಡುವೇ ತಾಲೀಮಿನ ಕಾಲಕ್ಕೂ ಹೊಂದುತ್ತದೆ. ಹಿಂಗಾರು ಮಳೆಗೆ ಕೊಡೆ ಬೇಕು. ಮೊದಲು ಶಿರಸಿಗೆ; ಅಲ್ಲಿಂದ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಸುಮಾರು 60 ಕಿ.ಮೀ. ಆ ರಸ್ತೆ ಕಾಮಗಾರಿಗಾಗಿ ಬಂದ್ ಆಗಿದ್ದರೆ ಸಿದ್ದಾಪುರ, ಮಾವಿನಗುಂಡಿಯ ಮೇಲೆ ಹೊನ್ನಾವರಕ್ಕೆ ಇಳಿಯಬಹುದು. ಮುಂದೆ ಬಸ್ಸಾದರೆ ರಾಷ್ಟ್ರೀಯ ಹೆದ್ದಾರಿ 66. ರೈಲಾದರೆ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗ. ಕಂಬಳದ ಊರುಗಳಲ್ಲಿ ಮೂಡುಬಿದಿರೆ ಕಡೆಗೆ ಹೋಗುವವರು ಮಂಗಳೂರಿನಲ್ಲೂ, ಕಾರ್ಕಳದ ಮಿಯ್ಯಾರಿಗೆ ಹೋಗುವವರು ಉಡುಪಿಯಲ್ಲೂ ಇಳಿಯುವುದು ಅನುಕೂಲ.

ತಾಲೀಮಿಗೆ ದೊಡ್ಡ ಪ್ರಚಾರವಿರುವುದಿಲ್ಲ. ಕೋಣ ಸಾಕುವ ಮನೆಯವರ ಪರಿಚಯವಿದ್ದರೆ ಮೊದಲೇ ಫೋನಿನಲ್ಲಿ ದಿನ ಕೇಳಿಕೊಳ್ಳಬೇಕು. ಹುರುಳಿ ತಿಂದು, ಎಣ್ಣೆ ಹಚ್ಚಿಸಿಕೊಂಡು, ಕೆರೆಯಲ್ಲಿ ಈಜಿ ಗಟ್ಟಿಯಾದ ಕೋಣಗಳನ್ನು ಅಲ್ಲಿ ಹತ್ತಿರದಿಂದ ಕಾಣಬಹುದು. ಓಟ ಹೊರಡುವ ಜಾಗ ಗಂತು, ಮುಗಿಯುವ ಜಾಗ ಮಂಜೊಟ್ಟಿ. ಹಗ್ಗ, ನೇಗಿಲು, ಅಡ್ಡ ಹಲಗೆ ವಿಭಾಗಗಳಲ್ಲಿ ವೇಗವೇ ಮುಖ್ಯ. ಕನೆ ಹಲಗೆಯಲ್ಲಿ ಮಾತ್ರ ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಗೆ ಮುಟ್ಟಬೇಕು.

ಋತುವಿನ ಕಂಬಳದ ಸೊಬಗು ಬೇರೆ. ಹಗಲು ಆರಂಭವಾದದ್ದು ದೀಪಗಳ ಬೆಳಕಿನಲ್ಲಿ ರಾತ್ರಿಯೆಲ್ಲ ನಡೆದು ಮರುದಿನ ಮುಗಿಯುತ್ತದೆ. 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡ ಜೋಡಿಯ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಜನ ಉಸೇನ್ ಬೋಲ್ಟ್‌ಗೆ ಹೋಲಿಸಿದರು. ಆಟ ಉಳಿದದ್ದೂ ಸುಲಭವಾಗಿ ಅಲ್ಲ: 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅಡ್ಡಿ ಬಂತು, ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಎತ್ತಿಹಿಡಿಯಿತು.

ಆದರೂ ಜನಜಂಗುಳಿಯಲ್ಲಿ ದೂರದಿಂದ ಬಂದವನಿಗೆ ಕಾಣುವುದು ಹಾರಿದ ಕೆಸರು, ಕೇಳುವುದು ಧ್ವನಿವರ್ಧಕ. ತಾಲೀಮಿನಲ್ಲಿ ಪದಕವೂ ಇಲ್ಲ, ಗಡಿಬಿಡಿಯೂ ಇಲ್ಲ. ಹೊಸ ಕೋಣ ಕರೆಗಿಳಿಯಲು ಹಟ ಮಾಡುವುದು, ಜೋಡಿಯ ಹೆಜ್ಜೆ ಕೂಡದೆ ಮತ್ತೆ ಗಂತಿಗೆ ಮರಳುವುದು, ಓಡಿಸುವ ಹುಡುಗ ಕೆಸರಿಗೆ ಬಿದ್ದು ಎದ್ದು ಬರುವುದು, ಹಿರಿಯರು ಬದುವಿನ ಮೇಲೆ ನಿಂತು ತಿದ್ದುವುದು ಎಲ್ಲವನ್ನೂ ಸಾವಕಾಶವಾಗಿ ನೋಡಬಹುದು. ಕಂಬಳದಲ್ಲಿ ಗೆದ್ದವರು ಯಾರೆಂದು ಮರುದಿನದ ಪತ್ರಿಕೆ ಹೇಳುತ್ತದೆ. ಗೆಲುವು ಹೇಗೆ ತಯಾರಾಗುತ್ತದೆಂದು ತಿಳಿಯಬೇಕೆನ್ನುವವರು ಕುದಿಗೇ ಹೋಗಬೇಕು.